ಆನ್‌ಲೈನ್ ಬ್ಯಾಕಪ್ ಮತ್ತು ಅದರ ರದ್ದತಿ

ಆನ್‌ಲೈನ್ ಬ್ಯಾಕಪ್ ಎಂದರೆ ದತ್ತಸಂಚಯ ಅಥವಾ ಡೇಟಾಬೇಸ್ ಒಂದನ್ನು ನಿಲ್ಲಿಸದೆ, ಅದರಲ್ಲಿ ಓದುವ ಹಾಗೂ ಬರೆಯುವ ಕೆಲಸ ನಡೆಯುತ್ತಿರುವಾಗಲೇ ಅದರ ಪ್ರತಿಯನ್ನು ತೆಗೆದಿಡುವ ವಿಧಾನ. ಇದನ್ನು ಹಾಟ್ ಬ್ಯಾಕಪ್ ಎಂದೂ ಕರೆಯಲಾಗುತ್ತದೆ. ದತ್ತಸಂಚಯವನ್ನು ಪೂರ್ತಿಯಾಗಿ ನಿಲ್ಲಿಸಿ ಪ್ರತಿ ತೆಗೆಯುವುದು ಆಫ್‌ಲೈನ್ ಬ್ಯಾಕಪ್ ಅಥವಾ ಕೋಲ್ಡ್ ಬ್ಯಾಕಪ್. ಕೆಲವು ತಂತ್ರಾಂಶಗಳು ಆನ್‌ಲೈನ್ ಬ್ಯಾಕಪ್ ನಡೆಯುವಷ್ಟು ಕಾಲ ಒಂದು ವಿಶೇಷ ಸ್ಥಿತಿಯಲ್ಲಿರುತ್ತವೆ. ಆ ಸ್ಥಿತಿಗೆ ಬ್ಯಾಕಪ್ ಮೋಡ್ ಎಂದು ಹೆಸರು. ಆರಂಭಿಸಿದ ಬ್ಯಾಕಪ್ಪನ್ನು ಪೂರ್ಣಗೊಳ್ಳುವ ಮೊದಲೇ ಕೈಬಿಡುವುದು ಬ್ಯಾಕಪ್ ರದ್ದತಿ.

ರದ್ದತಿಯಿಂದ ಮೂಲ ದತ್ತಸಂಚಯಕ್ಕೆ ಸಾಮಾನ್ಯವಾಗಿ ಹಾನಿಯಾಗುವುದಿಲ್ಲ. ಆದರೆ ಅದುವರೆಗೆ ತೆಗೆದ ಅಪೂರ್ಣ ಪ್ರತಿಯು ಬ್ಯಾಕಪ್ ಎನಿಸಿಕೊಳ್ಳುವುದಿಲ್ಲ. ಹೆಚ್ಚಿನ ತೊಂದರೆಗಳು ಹುಟ್ಟುವುದು ಇವೆರಡರ ನಡುವಿನ ಸ್ಥಿತಿಯಲ್ಲಿ, ಅಂದರೆ ಪ್ರತಿ ತೆಗೆಯುವ ಕೆಲಸ ನಿಂತುಹೋಗಿದ್ದು ಬ್ಯಾಕಪ್ ಮೋಡ್ ಮಾತ್ರ ತೆರೆದೇ ಉಳಿದಿರುವಾಗ.

ಪಹಣಿ ಮತ್ತು ದತ್ತಸಂಚಯ

ಬ್ಯಾಕಪ್ ಎಂಬುದು ಬ್ಯಾಂಕುಗಳಿಗೂ ದೊಡ್ಡ ಕಂಪನಿಗಳಿಗೂ ಮಾತ್ರ ಸೇರಿದ ವಿಷಯವೆಂಬ ಭಾವನೆ ವ್ಯಾಪಕವಾಗಿದೆ. ಕರ್ನಾಟಕದ ಮಟ್ಟಿಗೆ ಇದು ನಿಜವಲ್ಲ. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನಿಂದ ರೂಪಿಸಿದ ‘ಭೂಮಿ’ ಯೋಜನೆಯ ಮೂಲಕ, 2000ದ ದಶಕದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪುಸ್ತಕದ ಬದಲು ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಮುದ್ರಿತ ಪಹಣಿ ದೊರೆಯತೊಡಗಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಗೆ ಸೇರಿದ್ದವು; 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಅವು ಹೊಸ ಜಿಲ್ಲೆಯ ಭಾಗವಾದವು.

ಈ ಬದಲಾವಣೆಯ ಒಂದು ಪರಿಣಾಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಣಕೀಕರಣ ಜಾರಿಯಾದ ಕಡೆ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಅಲ್ಲಿಯವರೆಗೆ ಕಾಗದವು ಮೂಲವಾಗಿದ್ದು ಕಂಪ್ಯೂಟರಿನಲ್ಲಿದ್ದದ್ದು ಅದರ ನಕಲಾಗಿತ್ತು. ಅಲ್ಲಿಂದ ಮುಂದೆ ದತ್ತಸಂಚಯವೇ ಮೂಲ, ಕೈಗೆ ಸಿಗುವ ಕಾಗದ ಅದರ ನಕಲು. ಬೆಳೆ ಸಾಲ, ಬೆಳೆ ವಿಮೆ, ಜಮೀನಿನ ಕ್ರಯ, ನ್ಯಾಯಾಲಯದ ದಾವೆ ಇವೆಲ್ಲವೂ ಆ ಮೂಲವನ್ನೇ ಆಧರಿಸುತ್ತವೆ. ಮಧ್ಯಾಹ್ನ ದಾಖಲಾದ ಖಾತೆ ಬದಲಾವಣೆಯೊಂದು ಸಂಜೆ ಹಾರ್ಡ್‌ಡಿಸ್ಕಿನ ದೋಷದಿಂದ ಅಳಿಸಿಹೋದರೆ, ಅರ್ಜಿ, ನೋಟಿಸು ಮೊದಲಾದ ಕಾಗದಗಳಿಂದ ಅದನ್ನು ಮತ್ತೆ ಕಟ್ಟಬಹುದು. ಆದರೆ ಅದು ಒಂದೆರಡು ದಿನದಲ್ಲಿ ಮುಗಿಯುವ ಕೆಲಸವಲ್ಲ. ಅಷ್ಟರಲ್ಲಿ ಸಾಲದ ಗಡುವು ಮುಗಿದಿರಬಹುದು. ಆದ್ದರಿಂದ ಇಂಥ ದತ್ತಸಂಚಯದ ಬ್ಯಾಕಪ್ ಸರಿಯಾಗಿದೆಯೇ ಎಂಬ ಪ್ರಶ್ನೆ ಸರ್ವರ್ ನೋಡಿಕೊಳ್ಳುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ನೇರವಾಗಿ ನಕಲು ಮಾಡಿದರೆ ಏಕೆ ಸಾಲದು

ಬ್ಯಾಕಪ್ ಮೋಡ್ ಏಕೆ ಬೇಕೆಂಬುದನ್ನು ತಿಳಿಯಲು ತಾಲ್ಲೂಕಿನ ಪಹಣಿಗಳೆಲ್ಲ ಒಂದೇ ದೊಡ್ಡ ಪುಸ್ತಕದಲ್ಲಿವೆ ಎಂದು ಭಾವಿಸೋಣ. ಗೌರಿಬಿದನೂರಿನಲ್ಲಿ ಒಬ್ಬ ನಕಲುಗಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಪುಟದಿಂದ ಬರೆಯಲು ಕೂರುತ್ತಾನೆ. ಕಚೇರಿಯ ಕೆಲಸ ಎಂದಿನಂತೆ ನಡೆಯುತ್ತಿರುತ್ತದೆ. ಹನ್ನೊಂದರ ವೇಳೆಗೆ ಅವನು 40ನೇ ಪುಟ ದಾಟಿರುವಾಗ ಒಂದು ಕ್ರಯ ದಾಖಲಾಗುತ್ತದೆ: 12ನೇ ಪುಟದಲ್ಲಿರುವ ಮಾರಾಟಗಾರನ ಖಾತೆಯಿಂದ 1 ಎಕರೆ 10 ಗುಂಟೆ ಕಳೆದು, 90ನೇ ಪುಟದಲ್ಲಿರುವ ಕೊಂಡವನ ಖಾತೆಗೆ ಸೇರಿಸುತ್ತಾರೆ. ಸಂಜೆ ನಕಲು ಮುಗಿದಾಗ ಅದರ 12ನೇ ಪುಟ ಹಳೆಯದು, 90ನೇ ಪುಟ ಹೊಸದು. ಒಂದೇ ಜಮೀನು ಇಬ್ಬರ ಹೆಸರಿನಲ್ಲೂ ಇದೆ. ಮಾರಿದವನು 90ರಲ್ಲಿಯೂ ಕೊಂಡವನು 12ರಲ್ಲಿಯೂ ಇದ್ದಿದ್ದರೆ ಜಮೀನು ಯಾರ ಹೆಸರಿನಲ್ಲೂ ಇರುತ್ತಿರಲಿಲ್ಲ. ಮೂಲ ಪುಸ್ತಕದಲ್ಲಿ ಯಾವ ಕ್ಷಣದಲ್ಲಿಯೂ ಇಂಥ ಸ್ಥಿತಿ ಇರಲಿಲ್ಲ ಎಂಬುದೇ ಇಲ್ಲಿನ ವಿಶೇಷ. ನಕಲುಗಾರ ಒಂದಕ್ಷರವನ್ನೂ ತಪ್ಪು ಬರೆದಿಲ್ಲ. ಆದರೂ ನಕಲು ಸುಳ್ಳು ಹೇಳುತ್ತದೆ.

ಇದರೊಂದಿಗೆ ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ದತ್ತಸಂಚಯ ತಂತ್ರಾಂಶವು ತನ್ನ ಕಡತಗಳನ್ನು ಪುಟ ಅಥವಾ ಬ್ಲಾಕ್ ಎಂಬ ಸಮಗಾತ್ರದ ತುಂಡುಗಳಲ್ಲಿ ಓದಿ ಬರೆಯುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಪುಟದ ಗಾತ್ರ ಸಾಮಾನ್ಯವಾಗಿ 8 ಕಿಲೋಬೈಟ್. ಕಾರ್ಯಾಚರಣಾ ವ್ಯವಸ್ಥೆ ಅನೇಕ ವೇಳೆ 4 ಕಿಲೋಬೈಟಿನ ತುಂಡುಗಳಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಪುಟವೊಂದರ ಮೇಲರ್ಧ ಹಳೆಯದೂ ಕೆಳಗಿನ ಅರ್ಧ ಹೊಸದೂ ಆಗಿರುವಾಗಲೇ ಅದು ನಕಲಾಗಬಹುದು. ಇದನ್ನು ಹರಿದ ಪುಟ ಎನ್ನುತ್ತಾರೆ. ಅರ್ಧ ವಾಕ್ಯ ಅಳಿಸಿ ಬರೆದಿರುವಾಗ ತೆಗೆದ ಛಾಯಾಚಿತ್ರದಂತೆ, ಅದು ಹಳೆಯದಕ್ಕೂ ಹೊಂದುವುದಿಲ್ಲ, ಹೊಸದಕ್ಕೂ ಹೊಂದುವುದಿಲ್ಲ.

ಎರಡಕ್ಕೂ ಪರಿಹಾರ ಒಂದೇ ಕಡೆ ಇದೆ. ಹಳೆಯ ಅಂಗಡಿಗಳಲ್ಲಿ ದಿನವಹಿ ಮತ್ತು ಖಾತೆ ಪುಸ್ತಕ ಎಂಬ ಎರಡು ಪುಸ್ತಕಗಳಿರುತ್ತಿದ್ದವು. ನಡೆದ ವ್ಯವಹಾರವನ್ನು ಮೊದಲು ದಿನವಹಿಯಲ್ಲಿ ಕಾಲಾನುಕ್ರಮವಾಗಿ ಬರೆದು, ಆಮೇಲೆ ಬಿಡುವು ನೋಡಿಕೊಂಡು ಖಾತೆಗಳಿಗೆ ಏರಿಸುತ್ತಿದ್ದರು. ಇಂದಿನ ಎಲ್ಲ ಪ್ರಮುಖ ದತ್ತಸಂಚಯಗಳೂ ಇದನ್ನೇ ಮಾಡುತ್ತವೆ. ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಲಾಗ್ ಎಂಬ ಕಡತದಲ್ಲಿ ಬರೆದು, ನಂತರ ಮುಖ್ಯ ಕಡತದಲ್ಲಿ ತಿದ್ದುತ್ತವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇದಕ್ಕೆ ರೈಟ್-ಅಹೆಡ್ ಲಾಗ್ ಎಂದೂ ಒರಾಕಲ್‌ನಲ್ಲಿ ರೀಡೂ ಲಾಗ್ ಎಂದೂ ಹೆಸರು. ನಕಲುಗಾರನು ಪುಸ್ತಕದ ನಕಲಿನ ಜೊತೆಗೆ ಹತ್ತು ಗಂಟೆಯಿಂದ ಸಂಜೆಯವರೆಗಿನ ದಿನವಹಿಯನ್ನೂ ಇಟ್ಟುಕೊಂಡಿದ್ದರೆ, ಆ ಅವಧಿಯ ನಮೂದುಗಳನ್ನು ನಕಲಿನ ಮೇಲೆ ಒಂದೊಂದಾಗಿ ಮತ್ತೆ ಏರಿಸಿ ಸಂಜೆಯ ಸರಿಯಾದ ಸ್ಥಿತಿಯನ್ನು ಪಡೆಯಬಹುದು. ಹರಿದ ಪುಟದ ವಿಷಯದಲ್ಲಿ, ಬ್ಯಾಕಪ್ ನಡೆಯುವಾಗ ಮೊದಲ ಬಾರಿ ತಿದ್ದಲ್ಪಡುವ ಪುಟವನ್ನು ಇಡಿಯಾಗಿ ಲಾಗಿನಲ್ಲಿ ಬರೆದಿಡಲಾಗುತ್ತದೆ; ನಕಲಿನಲ್ಲಿರುವ ಹರಿದ ಪುಟದ ಜಾಗದಲ್ಲಿ ಅದನ್ನು ಕೂರಿಸಿದರಾಯಿತು.

ಹೀಗೆ ಆನ್‌ಲೈನ್ ಬ್ಯಾಕಪ್ ಎಂಬುದು ಒಂದು ವಸ್ತುವಲ್ಲ, ಎರಡು: ಕಡತಗಳ ಪ್ರತಿ, ಮತ್ತು ಪ್ರತಿ ತೆಗೆಯಲಾರಂಭಿಸಿದ ಕ್ಷಣದಿಂದ ಮುಗಿದ ಕ್ಷಣದವರೆಗಿನ ಲಾಗ್. ಆ ಎರಡು ಕ್ಷಣಗಳನ್ನು ಗುರುತುಹಾಕಿ ಇಡುವ ವ್ಯವಸ್ಥೆಯೇ ಬ್ಯಾಕಪ್ ಮೋಡ್. ರದ್ದತಿಯ ಬಗ್ಗೆ ಮುಂದೆ ಹೇಳುವುದೆಲ್ಲ ಇದರಿಂದಲೇ ಹೊರಡುತ್ತದೆ.

ಬ್ಯಾಕಪ್ಪಿನ ಬಗೆಗಳು

ಕೋಲ್ಡ್ ಬ್ಯಾಕಪ್ ಸುಲಭವಾದುದು. ಚಿಂತಾಮಣಿಯ ಅಂಗಡಿಯವರು ಸರಕು ಲೆಕ್ಕ ಹಾಕಲು ಬಾಗಿಲು ಎಳೆದುಕೊಳ್ಳುವಂತೆ, ದತ್ತಸಂಚಯವನ್ನು ಕ್ರಮಬದ್ಧವಾಗಿ ನಿಲ್ಲಿಸಿ ಕಡತಗಳನ್ನು ನಕಲಿಸಿದರೆ ಸಾಕು. ರಾತ್ರಿ ಬಾಗಿಲು ಹಾಕುವ ಕಚೇರಿಗೆ ಇದು ಇಂದಿಗೂ ಒಳ್ಳೆಯ ವಿಧಾನ. ಪಹಣಿಯನ್ನು ಜಾಲತಾಣದ ಮೂಲಕ ಯಾವ ಹೊತ್ತಿನಲ್ಲಾದರೂ ಪಡೆಯುವ ಕಾಲದಲ್ಲಿ ದತ್ತಸಂಚಯಕ್ಕೆ ಬಾಗಿಲು ಹಾಕುವ ಹೊತ್ತೇ ಇಲ್ಲವಾಗಿರುವುದರಿಂದ ಆನ್‌ಲೈನ್ ಬ್ಯಾಕಪ್ ಅನಿವಾರ್ಯವಾಗಿದೆ.

ಇನ್ನೊಂದು ವಿಂಗಡಣೆ ಭೌತಿಕ ಮತ್ತು ತಾರ್ಕಿಕ ಎಂಬುದು. ಕಡತಗಳನ್ನು ಇದ್ದಂತೆಯೇ ನಕಲಿಸುವುದು ಭೌತಿಕ ಬ್ಯಾಕಪ್. ದತ್ತಾಂಶವನ್ನು ಸಾಲುಸಾಲಾಗಿ ಓದಿ, ಮತ್ತೆ ಸೃಷ್ಟಿಸಲು ಬೇಕಾದ ಆದೇಶಗಳ ರೂಪದಲ್ಲಿ ಬರೆದಿಡುವುದು ತಾರ್ಕಿಕ ಬ್ಯಾಕಪ್ ಅಥವಾ ಡಂಪ್. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪಿಜಿ-ಡಂಪ್, ಮೈಎಸ್‌ಕ್ಯೂಎಲ್‌ನ ಮೈಎಸ್‌ಕ್ಯೂಎಲ್-ಡಂಪ್ ಈ ಎರಡನೆಯ ಬಗೆಯವು. ಡಂಪ್ ತೆಗೆಯಲು ಬ್ಯಾಕಪ್ ಮೋಡ್ ಬೇಕಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಡಂಪ್ ಆರಂಭವಾದ ಕ್ಷಣದಲ್ಲಿ ದತ್ತಾಂಶ ಹೇಗಿತ್ತೋ ಹಾಗೆಯೇ ಕೊನೆಯವರೆಗೂ ಅದಕ್ಕೆ ಕಾಣುತ್ತಿರುತ್ತದೆ. ಆದಕಾರಣ ಡಂಪ್ ರದ್ದತಿ ಅತ್ಯಂತ ನಿರಪಾಯಕರ: ಆದೇಶವನ್ನು ನಿಲ್ಲಿಸಿ ಅರ್ಧ ಬರೆದ ಕಡತವನ್ನು ಅಳಿಸಿದರೆ ಮುಗಿಯಿತು.

ಪೂರ್ಣ, ವ್ಯತ್ಯಾಸಾತ್ಮಕ, ಲಾಗ್ ಬ್ಯಾಕಪ್ ಎಂಬ ಮಾತುಗಳು ಪ್ರತಿಯಲ್ಲಿ ಎಷ್ಟು ಸೇರಿದೆ ಎಂಬುದನ್ನು ಹೇಳುತ್ತವೆಯೇ ಹೊರತು ಅದನ್ನು ಯಾವ ಸ್ಥಿತಿಯಲ್ಲಿ ತೆಗೆಯಲಾಯಿತು ಎಂಬುದನ್ನಲ್ಲ. ಪರೀಕ್ಷೆಯ ಉತ್ತರಗಳಲ್ಲಿ ಈ ಎರಡನ್ನೂ ಬೆರೆಸುವುದುಂಟು.

ಒರಾಕಲ್

ಒರಾಕಲ್ ದತ್ತಸಂಚಯದಲ್ಲಿ ‘ಬಿಗಿನ್ ಬ್ಯಾಕಪ್’ ಎಂಬ ಆದೇಶದಿಂದ ಬ್ಯಾಕಪ್ ಮೋಡ್ ಆರಂಭವಾಗಿ ‘ಎಂಡ್ ಬ್ಯಾಕಪ್’ ಎಂಬ ಆದೇಶದಿಂದ ಮುಗಿಯುತ್ತದೆ. ಈ ಅವಧಿಯಲ್ಲಿ ದತ್ತಕಡತಗಳಿಗೆ ಬರೆಯುವುದು ನಿಂತುಹೋಗುತ್ತದೆ, ಬದಲಾವಣೆಗಳು ಬೇರೆಡೆ ಕಾದಿರುತ್ತವೆ ಎಂಬ ನಂಬಿಕೆ ಬಹಳ ಹಳೆಯದು ಮತ್ತು ತಪ್ಪು. ಬರೆಯುವ ಕೆಲಸ ಎಂದಿನಂತೆಯೇ ನಡೆಯುತ್ತದೆ. ನಿಲ್ಲುವುದು ಕಡತದ ಶಿರೋಭಾಗದಲ್ಲಿರುವ ಚೆಕ್‌ಪಾಯಿಂಟ್ ಸಂಖ್ಯೆ ಮಾತ್ರ. ‘ಈ ಪ್ರತಿಯ ಮೇಲೆ ಲಾಗನ್ನು ಇಲ್ಲಿಂದ ಏರಿಸಬೇಕು’ ಎಂದು ಆ ಸಂಖ್ಯೆ ಹೇಳುತ್ತದೆ. ಆದ್ದರಿಂದ ಅದನ್ನು ಆರಂಭದ ಬಿಂದುವಿನಲ್ಲಿ ಹಿಡಿದು ನಿಲ್ಲಿಸಲಾಗುತ್ತದೆ. ಜೊತೆಗೆ ಬದಲಾದ ಬ್ಲಾಕುಗಳನ್ನು ಮೊದಲ ಬಾರಿ ಇಡಿಯಾಗಿ ರೀಡೂ ಲಾಗಿಗೆ ಬರೆಯುವುದರಿಂದ ಲಾಗಿನ ಗಾತ್ರ ಹೆಚ್ಚುತ್ತದೆ.

ಪ್ರತಿ ತೆಗೆಯುವ ಕೆಲಸ ನಡುವೆ ನಿಂತು, ಯಾರೂ ಎಂಡ್ ಬ್ಯಾಕಪ್ ನೀಡದಿದ್ದರೆ ದತ್ತಸಂಚಯ ಮೇಲ್ನೋಟಕ್ಕೆ ಸರಿಯಾಗಿಯೇ ನಡೆಯುತ್ತಿರುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ನಿಲ್ಲಿಸಲು ಹೋದಾಗ: ಕಡತವೊಂದು ಬ್ಯಾಕಪ್‌ನಲ್ಲಿದೆ ಎಂದು ಹೇಳಿ ದತ್ತಸಂಚಯವು ಸಾಮಾನ್ಯ ರೀತಿಯಲ್ಲಿ ನಿಲ್ಲಲು ನಿರಾಕರಿಸುತ್ತದೆ. ವಿದ್ಯುತ್ ಹೋಗಿ ತಾನಾಗಿಯೇ ನಿಂತಿದ್ದರೆ, ಮತ್ತೆ ಆರಂಭಿಸುವಾಗ ಕಡತದ ಶಿರೋಭಾಗದ ಹಳೆಯ ಸಂಖ್ಯೆಯನ್ನು ನೋಡಿ, ಇದು ಬ್ಯಾಕಪ್‌ನಿಂದ ತಂದಿಟ್ಟ ಹಳೆಯ ಕಡತವಿರಬಹುದು ಎಂದು ತಿಳಿದು ಚೇತರಿಕೆ ಕೇಳುತ್ತದೆ. ಕಡತಗಳು ನಿಜಕ್ಕೂ ಅಲ್ಲೇ ಇದ್ದವಾಗಿದ್ದರೆ, ದತ್ತಸಂಚಯವನ್ನು ಮೌಂಟ್ ಸ್ಥಿತಿಗೆ ತಂದು ಎಂಡ್ ಬ್ಯಾಕಪ್ ನೀಡಿ ತೆರೆಯಬಹುದು. ಕಡತಗಳನ್ನು ಬ್ಯಾಕಪ್‌ನಿಂದಲೇ ತಂದಿಟ್ಟಿದ್ದರೆ ಹಾಗೆ ಮಾಡುವಂತಿಲ್ಲ. ಲಾಗ್ ಏರಿಸಿಯೇ ತೀರಬೇಕು. ಯಾವ ಕಡತಗಳು ಬ್ಯಾಕಪ್ ಮೋಡ್‌ನಲ್ಲಿವೆ ಎಂಬುದನ್ನು ವಿ-ಡಾಲರ್-ಬ್ಯಾಕಪ್ ಎಂಬ ನೋಟದಲ್ಲಿ ಕಾಣಬಹುದು. ಒರಾಕಲ್‌ನದೇ ಆದ ಆರ್‌ಮ್ಯಾನ್ ಉಪಕರಣವು ಬ್ಲಾಕುಗಳ ರಚನೆಯನ್ನು ತಾನೇ ಅರಿತಿದ್ದು, ಹರಿದ ಬ್ಲಾಕ್ ಕಂಡರೆ ಮತ್ತೆ ಓದುವುದರಿಂದ ಅದಕ್ಕೆ ಈ ಮೋಡ್ ಬೇಕಾಗಿಲ್ಲ.

ಪೋಸ್ಟ್‌ಗ್ರೆಸ್‌ಕ್ಯೂಎಲ್

ಬ್ಯಾಕಪ್ ರದ್ದತಿ ಎಂಬ ವಿಷಯ ಅತ್ಯಂತ ಸ್ಪಷ್ಟವಾಗಿ, ಸ್ವಲ್ಪ ನಾಟಕೀಯವಾಗಿಯೂ ಕಾಣುವುದು ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಇತಿಹಾಸದಲ್ಲಿ. 2005ರಲ್ಲಿ ಬಂದ 8.0 ಆವೃತ್ತಿಯಲ್ಲಿ ಆನ್‌ಲೈನ್ ಬ್ಯಾಕಪ್ ಸೌಲಭ್ಯ ಸೇರಿತು. ಪಿಜಿ-ಸ್ಟಾರ್ಟ್-ಬ್ಯಾಕಪ್ ಎಂಬ ಆದೇಶ ಕೊಟ್ಟಾಗ ದತ್ತಸಂಚಯವು ಒಂದು ಚೆಕ್‌ಪಾಯಿಂಟ್ ನಡೆಸಿ, ತನ್ನ ದತ್ತಕೋಶದಲ್ಲಿ ಬ್ಯಾಕಪ್-ಲೇಬಲ್ ಎಂಬ ಪುಟ್ಟ ಕಡತವನ್ನು ಬರೆಯುತ್ತಿತ್ತು. ಲಾಗನ್ನು ಎಲ್ಲಿಂದ ಏರಿಸಬೇಕು, ಬ್ಯಾಕಪ್ ಯಾವಾಗ ಆರಂಭವಾಯಿತು, ಅದಕ್ಕೆ ಕೊಟ್ಟ ಹೆಸರೇನು ಎಂಬ ಕೆಲವೇ ಸಾಲುಗಳು ಅದರಲ್ಲಿರುತ್ತಿದ್ದವು. ಕಡತಗಳನ್ನೆಲ್ಲ ನಕಲಿಸಿದಾಗ ಈ ಲೇಬಲ್ಲೂ ನಕಲಾಗುತ್ತಿತ್ತು. ಕೊನೆಗೆ ಪಿಜಿ-ಸ್ಟಾಪ್-ಬ್ಯಾಕಪ್ ಆದೇಶದಿಂದ ಮೂಲ ದತ್ತಕೋಶದಲ್ಲಿರುವ ಲೇಬಲ್ ಅಳಿಸಿಹೋಗಿ, ನಕಲಿನಲ್ಲಿ ಮಾತ್ರ ಉಳಿಯುತ್ತಿತ್ತು.

ಇದರ ದೋಷವೂ ಈ ಲೇಬಲ್ಲಿನಲ್ಲೇ ಇತ್ತು. ದತ್ತಸಂಚಯ ಆರಂಭವಾಗುವಾಗ ದತ್ತಕೋಶದಲ್ಲಿ ಲೇಬಲ್ ಕಂಡರೆ, ತನ್ನನ್ನು ಬ್ಯಾಕಪ್‌ನಿಂದ ಮರುಸ್ಥಾಪಿಸಲಾಗಿದೆ ಎಂದು ತಿಳಿಯುತ್ತದೆ. ಬ್ಯಾಕಪ್ ನಡೆಯುತ್ತಿರುವಾಗ ವಿದ್ಯುತ್ ಕಡಿತವಾಗಿ ಸರ್ವರ್ ನಿಂತರೆ ಮೂಲದಲ್ಲಿಯೂ ಲೇಬಲ್ ಉಳಿದಿರುತ್ತದೆ. ಮತ್ತೆ ಆರಂಭಿಸಿದಾಗ ಅದು ಲೇಬಲ್ಲಿನಲ್ಲಿ ಸೂಚಿಸಿದ ಹಳೆಯ ಬಿಂದುವಿನಿಂದ ಲಾಗ್ ಹುಡುಕುತ್ತದೆ. ಆ ಲಾಗ್ ಕಡತ ಅಷ್ಟರಲ್ಲಿ ಮರುಬಳಕೆಯಾಗಿ ಹೋಗಿದ್ದರೆ ಆರಂಭವೇ ಆಗುವುದಿಲ್ಲ. ಆಗ ಲೇಬಲ್ ಕಡತವನ್ನು ಕೈಯಿಂದ ತೆಗೆದುಹಾಕಬೇಕು. ಆದರೆ ನಿಜವಾಗಿಯೂ ಬ್ಯಾಕಪ್‌ನಿಂದ ಮರುಸ್ಥಾಪಿಸುತ್ತಿರುವಾಗ ಅದೇ ಕಡತವನ್ನು ತೆಗೆದರೆ, ದತ್ತಸಂಚಯ ತಪ್ಪು ಬಿಂದುವಿನಿಂದ ಚೇತರಿಸಿಕೊಂಡು, ಯಾವ ದೂರೂ ಇಲ್ಲದೆ ಆರಂಭವಾಗಿ, ಒಳಗೆ ಕೆಟ್ಟಿರುತ್ತದೆ. ಮೇಲಿನ ಗೌರಿಬಿದನೂರಿನ ನಕಲಿನ ಸ್ಥಿತಿಯೇ ಅದು. ಎರಡು ಸಂದರ್ಭಗಳೂ ತಂತ್ರಾಂಶಕ್ಕೆ ಒಂದೇ ಆಗಿ ಕಾಣುತ್ತವೆ. ಯಾವುದು ಯಾವುದೆಂದು ತಿಳಿದಿರುವವರು ಅಲ್ಲಿರುವ ಮನುಷ್ಯರು ಮಾತ್ರ.

2009ರ 8.4 ಆವೃತ್ತಿಯಲ್ಲಿ ಇದಕ್ಕೆ ಭಾಗಶಃ ಪರಿಹಾರ ದೊರೆಯಿತು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ್ನು ನಿಲ್ಲಿಸಲು ಮೂರು ರೀತಿಗಳಿವೆ. ‘ಸ್ಮಾರ್ಟ್’ ರೀತಿಯಲ್ಲಿ ಸರ್ವರ್ ಬಳಕೆದಾರರೆಲ್ಲ ಹೊರಡುವವರೆಗೂ, ಆನ್‌ಲೈನ್ ಬ್ಯಾಕಪ್ ಮುಗಿಯುವವರೆಗೂ ಕಾಯುವಂತೆ ಮಾಡಲಾಯಿತು. ‘ಫಾಸ್ಟ್’ ರೀತಿಯಲ್ಲಿ ಬಳಕೆದಾರರನ್ನು ಹೊರಹಾಕಿ ಬ್ಯಾಕಪ್ಪನ್ನು ರದ್ದುಗೊಳಿಸಲಾಗುತ್ತದೆ. ಇಲ್ಲಿ ರದ್ದತಿ ಎಂದರೆ ಲೇಬಲ್ ಕಡತದ ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ ಹೆಸರು ಬದಲಿಸುವುದು, ಅಷ್ಟೇ. ಮುಂದಿನ ಆರಂಭದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸರ್ವರ್ ಇನ್ನೂ ಚೇತರಿಕೆಯಲ್ಲಿದ್ದಾಗ ನಿಲ್ಲಿಸಿದರೆ ಮಾತ್ರ ಲೇಬಲ್ಲನ್ನು ಮುಟ್ಟುವುದಿಲ್ಲ, ಏಕೆಂದರೆ ಆಗ ಅದು ಮರುಸ್ಥಾಪನೆಗೆ ನಿಜವಾಗಿ ಬೇಕಾದ ಲೇಬಲ್. ಮೂರನೆಯದಾದ ‘ಇಮ್ಮಿಡಿಯೆಟ್’ ರೀತಿಯು ವಿದ್ಯುತ್ ಕಡಿತಕ್ಕೆ ಸಮಾನ. ಅದರಲ್ಲಿ ರದ್ದತಿಯೂ ನಡೆಯುವುದಿಲ್ಲ, ಲೇಬಲ್ ಹಾಗೆಯೇ ಉಳಿಯುತ್ತದೆ.

ವಿದ್ಯುತ್ ಕಡಿತದ ಸಮಸ್ಯೆ ಹೀಗೆ ಬಗೆಹರಿಯದೇ ಉಳಿದಿತ್ತು. 2016ರ 9.6 ಆವೃತ್ತಿಯಲ್ಲಿ ಪರ್ಯಾಯ ವಿಧಾನ ಬಂದಿತು. ಹಳೆಯದನ್ನು ಎಕ್ಸ್‌ಕ್ಲೂಸಿವ್ ಎಂದೂ ಹೊಸದನ್ನು ನಾನ್-ಎಕ್ಸ್‌ಕ್ಲೂಸಿವ್ ಎಂದೂ ಕರೆದರು. ಹೊಸ ವಿಧಾನದಲ್ಲಿ ಮೂಲ ದತ್ತಕೋಶದಲ್ಲಿ ಲೇಬಲ್ ಬರೆಯುವುದೇ ಇಲ್ಲ. ಬ್ಯಾಕಪ್ ಮುಗಿಸುವ ಆದೇಶ ಕೊಟ್ಟಾಗ ಲೇಬಲ್ಲಿನ ಪಠ್ಯವನ್ನು ಉತ್ತರವಾಗಿ ಕೊಡಲಾಗುತ್ತದೆ. ಅದನ್ನು ನಕಲಿನೊಳಗೆ ಬರೆದಿಡುವುದು ಬ್ಯಾಕಪ್ ತೆಗೆಯುವವರ ಹೊಣೆ. ಬ್ಯಾಕಪ್ ಆರಂಭಿಸಿದ ಸಂಪರ್ಕವನ್ನು ಕೊನೆಯವರೆಗೂ ತೆರೆದಿರಬೇಕು. ಸಂಪರ್ಕ ಕಡಿದರೆ ಬ್ಯಾಕಪ್ ತಾನಾಗಿಯೇ ರದ್ದಾಗುತ್ತದೆ, ಮೋಡ್ ತೆರೆದು ಉಳಿಯುವ ಪ್ರಶ್ನೆಯೇ ಇಲ್ಲ. ಒಂದೇ ಸಮಯದಲ್ಲಿ ಒಂದಕ್ಕಿಂತ ಹೆಚ್ಚು ಬ್ಯಾಕಪ್ ತೆಗೆಯುವುದೂ ಸಾಧ್ಯವಾಯಿತು. 2022ರ 15ನೇ ಆವೃತ್ತಿಯಲ್ಲಿ ಎಕ್ಸ್‌ಕ್ಲೂಸಿವ್ ವಿಧಾನವನ್ನು ಪೂರ್ತಿಯಾಗಿ ತೆಗೆದುಹಾಕಿ, ಆದೇಶಗಳ ಹೆಸರನ್ನು ಪಿಜಿ-ಬ್ಯಾಕಪ್-ಸ್ಟಾರ್ಟ್ ಮತ್ತು ಪಿಜಿ-ಬ್ಯಾಕಪ್-ಸ್ಟಾಪ್ ಎಂದು ಬದಲಿಸಲಾಯಿತು. ಹಳೆಯ ಲಿಪಿಗಳು ತಿಳಿಯದೆ ನಡೆದುಹೋಗುವ ಬದಲು ದೋಷ ತೋರಿಸಿ ನಿಲ್ಲುವುದು ಇದರಿಂದಾದ ಒಂದು ಅನುಕೂಲ. 2011ರ 9.1 ಆವೃತ್ತಿಯಿಂದ ಇರುವ ಪಿಜಿ-ಬೇಸ್‌ಬ್ಯಾಕಪ್ ಉಪಕರಣವು ಆರಂಭ, ನಕಲು, ಅಂತ್ಯ ಮೂರನ್ನೂ ತಾನೇ ಮಾಡುವುದರಿಂದ ಹೊಸಬರು ಅದನ್ನೇ ಬಳಸುವುದು ಒಳ್ಳೆಯದು.

ಬ್ಯಾಕಪ್ ಮುಗಿಸುವ ಆದೇಶದ ಒಂದು ನಡವಳಿಕೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಲಾಗ್ ಕಡತಗಳನ್ನು ಬೇರೆಡೆ ಸಂಗ್ರಹಿಸುವ ವ್ಯವಸ್ಥೆ ಇದ್ದಲ್ಲಿ, ಬೇಕಾದ ಕೊನೆಯ ಲಾಗ್ ಕಡತ ಅಲ್ಲಿಗೆ ತಲುಪುವವರೆಗೂ ಈ ಆದೇಶ ಕಾಯುತ್ತದೆ. ಸಂಗ್ರಹದ ಡಿಸ್ಕ್ ತುಂಬಿದ್ದರೆ ಗಂಟೆಗಟ್ಟಲೆ ಕಾಯಬಹುದು. ಆಗ ಸರ್ವರ್ ಒಂದು ಸೂಚನೆ ತೋರಿಸುತ್ತದೆ: ಈ ಕಾಯುವಿಕೆಯನ್ನು ಸುರಕ್ಷಿತವಾಗಿ ರದ್ದು ಮಾಡಬಹುದು, ಆದರೆ ಎಲ್ಲ ಲಾಗ್ ಕಡತಗಳೂ ಇಲ್ಲದೆ ಬ್ಯಾಕಪ್ ಉಪಯೋಗಕ್ಕೆ ಬಾರದು. ಸೂಚನೆಯ ಮೊದಲರ್ಧವನ್ನು ಮಾತ್ರ ಓದುವವರು ಬಹಳ. ಅವರ ಬಳಿ ಕಡತಗಳ ಪೂರ್ಣ ಪ್ರತಿ ಇರುತ್ತದೆ, ಗಾತ್ರವೂ ಸರಿಯಾಗಿರುತ್ತದೆ, ಮರುಸ್ಥಾಪನೆ ಮಾತ್ರ ಆಗುವುದಿಲ್ಲ.

ಗಿಟ್‌ಲ್ಯಾಬ್ ಪ್ರಕರಣ

ನಡೆಯುತ್ತಿರುವ ಬ್ಯಾಕಪ್ ಕಾಯುತ್ತಿದೆಯೋ ಕೆಟ್ಟು ನಿಂತಿದೆಯೋ ಎಂಬುದನ್ನು ತಿಳಿಯದಿದ್ದರೆ ಏನಾಗಬಹುದು ಎಂಬುದಕ್ಕೆ ತಂತ್ರಾಂಶ ಅಭಿವೃದ್ಧಿ ತಾಣವಾದ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ನಡೆದ ಘಟನೆ ಪ್ರಸಿದ್ಧ ಉದಾಹರಣೆ. ಸಂಸ್ಥೆಯೇ ಅದರ ವಿವರವನ್ನು ಬಹಿರಂಗವಾಗಿ ಪ್ರಕಟಿಸಿದೆ. ಎರಡನೆಯ ಸರ್ವರಿಗೆ ಪ್ರತಿ ತರಲು ಪಿಜಿ-ಬೇಸ್‌ಬ್ಯಾಕಪ್ ನಡೆಸಲಾಗಿತ್ತು. ಮೂಲ ಸರ್ವರ್ ದತ್ತಾಂಶ ಕಳುಹಿಸಲಾರಂಭಿಸುವವರೆಗೆ ಆ ಉಪಕರಣವು ಏನನ್ನೂ ತೋರಿಸದೆ ಸುಮ್ಮನೆ ಕಾಯುತ್ತದೆ. ಅದು ಕೆಟ್ಟು ನಿಂತಿದೆ, ಹಿಂದಿನ ಪ್ರಯತ್ನದಲ್ಲಿ ಉಳಿದ ದತ್ತಕೋಶವೇ ಅಡ್ಡಿಯಾಗಿದೆ ಎಂದು ಭಾವಿಸಿದ ಎಂಜಿನಿಯರ್, ಎರಡನೆಯ ಸರ್ವರಿನಲ್ಲಿ ಅಳಿಸಬೇಕಾದ ದತ್ತಕೋಶವನ್ನು ಮೂಲ ಸರ್ವರಿನಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ದಿನನಿತ್ಯದ ಡಂಪ್‌ಗಳನ್ನು ಹುಡುಕಿದಾಗ ಅವೂ ಇರಲಿಲ್ಲ. 9.6 ಆವೃತ್ತಿಯ ದತ್ತಸಂಚಯದ ಮೇಲೆ 9.2 ಆವೃತ್ತಿಯ ಪಿಜಿ-ಡಂಪ್ ಓಡುತ್ತಿದ್ದುದರಿಂದ ಅದು ಪ್ರತಿ ಬಾರಿಯೂ ವಿಫಲವಾಗುತ್ತಿತ್ತು. ವೈಫಲ್ಯ ತಿಳಿಸುವ ಇಮೇಲ್‌ಗಳು ಸಂಬಂಧಿಸಿದವರಿಗೆ ತಲುಪುತ್ತಿರಲಿಲ್ಲ. ಕೊನೆಗೆ ಬೇರೆ ಕಾರಣಕ್ಕಾಗಿ ಸುಮಾರು 6 ಗಂಟೆ ಹಿಂದೆ ತೆಗೆದಿದ್ದ ಡಿಸ್ಕ್ ಛಾಯಾಪ್ರತಿಯಿಂದ ಸೇವೆಯನ್ನು ಮರುಸ್ಥಾಪಿಸಲಾಯಿತು. ನಡುವಿನ 6 ಗಂಟೆಗಳ ದಾಖಲೆಗಳು ಹೋದವು. ಇಷ್ಟು ಪ್ರಾಮಾಣಿಕವಾಗಿ ತಮ್ಮ ಸೋಲನ್ನು ಬರೆದಿಟ್ಟ ಸಂಸ್ಥೆಗಳು ವಿರಳ. ಆ ವರದಿಯನ್ನು ಗಣಕ ವಿಜ್ಞಾನದ ತರಗತಿಗಳಲ್ಲಿ ಪಠ್ಯವಾಗಿ ಬಳಸಬಹುದು.

ಇತರ ದತ್ತಸಂಚಯಗಳು

ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಿನಲ್ಲಿ ಬ್ಯಾಕಪ್ ಸದಾ ಆನ್‌ಲೈನ್. ಪ್ರತ್ಯೇಕವಾಗಿ ತೆರೆದು ಮುಚ್ಚಬೇಕಾದ ಮೋಡ್ ಇಲ್ಲ. ಬ್ಯಾಕಪ್ ನಡೆಸುತ್ತಿರುವ ಸಂಪರ್ಕವನ್ನು ‘ಕಿಲ್’ ಆದೇಶದಿಂದ ನಿಲ್ಲಿಸಬಹುದು. ಮೂಲಕ್ಕೆ ಹಾನಿಯಿಲ್ಲ. ಆದರೆ ಅಪಾಯ ಇನ್ನೊಂದು ಕಡೆ ಇದೆ: ನಿನ್ನೆಯ ಬ್ಯಾಕಪ್ ಕಡತದ ಮೇಲೆಯೇ ಇಂದಿನದನ್ನು ಬರೆಯುವಂತೆ ಆದೇಶವಿದ್ದು, ಅದನ್ನು ಅರ್ಧದಲ್ಲಿ ರದ್ದು ಮಾಡಿದರೆ ಇಂದಿನದೂ ಇಲ್ಲ, ನಿನ್ನೆಯದೂ ಇಲ್ಲ. ಡಿಸ್ಕಿನಲ್ಲಿ ಜಾಗ ಉಳಿಸಲು ಒಂದೇ ಹೆಸರಿನ ಕಡತಕ್ಕೆ ಬರೆಯುವ ಸಣ್ಣ ಕಚೇರಿಗಳಲ್ಲಿ ಇದು ತೀರ ಸಂಭವನೀಯ. ಲಾಗ್ ಬ್ಯಾಕಪ್ಪನ್ನು ಪದೇ ಪದೇ ರದ್ದುಮಾಡುತ್ತ ಹೋದರೆ, ಪೂರ್ಣ ಚೇತರಿಕೆ ಮಾದರಿಯಲ್ಲಿರುವ ದತ್ತಸಂಚಯದ ಲಾಗ್ ಬೆಳೆಯುತ್ತಲೇ ಹೋಗಿ ಡಿಸ್ಕ್ ತುಂಬುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ಕೆಲವು ಬ್ಯಾಕಪ್ ವಿಧಾನಗಳು ಎಲ್ಲ ಕೋಷ್ಟಕಗಳಿಗೂ ಬರೆಯದಂತೆ ಬೀಗ ಹಾಕುತ್ತವೆ. ದೀರ್ಘ ಕಾಲದ ಪ್ರಶ್ನೆಯೊಂದು ನಡೆಯುತ್ತಿದ್ದರೆ ಬೀಗವು ಅದಕ್ಕಾಗಿ ಕಾಯುತ್ತದೆ, ಉಳಿದವರೆಲ್ಲ ಬೀಗಕ್ಕಾಗಿ ಕಾಯುತ್ತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಂಥ ಸ್ಥಳದಲ್ಲಿ ಹರಾಜು ನಡೆಯುವ ಹೊತ್ತಿಗೆ ಇಂಥ ಬ್ಯಾಕಪ್ ಬಿದ್ದರೆ ತೂಕ, ಬೆಲೆ ಯಾವುದೂ ದಾಖಲಾಗದೆ ನಿಲ್ಲುತ್ತದೆ. ಆಗ ಬ್ಯಾಕಪ್ಪನ್ನು ರದ್ದು ಮಾಡುವುದೇ ಸರಿ. ಸಂಪರ್ಕ ಕಡಿದ ಕೂಡಲೇ ಬೀಗ ತೆರೆಯುತ್ತದೆ. ಇನೋಡಿಬಿ ಕೋಷ್ಟಕಗಳಿಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಬಳಸಿದರೆ ಡಂಪ್ ತೆಗೆಯುವಷ್ಟು ಕಾಲವೂ ಬೀಗ ಹಿಡಿದಿರಬೇಕಾಗಿಲ್ಲ. ಮೊಬೈಲ್ ಫೋನುಗಳಲ್ಲಿ ವ್ಯಾಪಕವಾಗಿರುವ ಎಸ್‌ಕ್ಯೂಲೈಟ್‌ನಲ್ಲಿ ಬ್ಯಾಕಪ್ ಹಂತಹಂತವಾಗಿ ನಡೆಯುತ್ತದೆ. ಯಾವ ಹಂತದಲ್ಲಿ ಬೇಕಾದರೂ ಕೈಬಿಡಬಹುದು.

ರದ್ದಾದ ಬ್ಯಾಕಪ್ಪನ್ನು ಗುರುತಿಸುವುದು

ರದ್ದತಿಯ ನಂತರ ಉಳಿಯುವ ಅರೆ ಕಡತ ಪೂರ್ಣ ಬ್ಯಾಕಪ್‌ನಂತೆಯೇ ಕಾಣುತ್ತದೆ. ಹೆಸರು, ದಿನಾಂಕ ಎರಡೂ ಇರುತ್ತವೆ. ವರ್ಷದ ಬಳಿಕ ಅದನ್ನು ತೆರೆಯುವವರಿಗೆ ಅಂದು ವಿದ್ಯುತ್ ಹೋಗಿತ್ತೆಂದು ತಿಳಿದಿರುವುದಿಲ್ಲ. ಇದನ್ನು ತಡೆಯಲು ಬ್ಯಾಕಪ್ಪನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಯಶಸ್ವಿಯಾಗಿ ಮುಗಿದ ಮೇಲೆ ಮಾತ್ರ ನಿಜವಾದ ಹೆಸರು ಕೊಡುವ ಪದ್ಧತಿ ರೂಢಿಯಲ್ಲಿದೆ. ಹಿಂದಿನ ಬ್ಯಾಕಪ್ಪನ್ನು ಅಳಿಸುವುದೂ ಆ ನಂತರವೇ ಆಗಬೇಕು.

ಪಠ್ಯರೂಪದ ಡಂಪ್ ಕಡತಗಳಲ್ಲಿ ಪರೀಕ್ಷೆ ಸುಲಭ. ಮೈಎಸ್‌ಕ್ಯೂಎಲ್-ಡಂಪ್ ಮತ್ತು ಪಿಜಿ-ಡಂಪ್ ಎರಡೂ ಸಾಮಾನ್ಯವಾಗಿ ಕಡತದ ಕೊನೆಯಲ್ಲಿ ಡಂಪ್ ಪೂರ್ಣಗೊಂಡಿತು ಎಂಬ ಅರ್ಥದ ಸಾಲೊಂದನ್ನು ಬರೆಯುತ್ತವೆ. ಆ ಸಾಲು ಕಾಣದಿದ್ದರೆ ಡಂಪ್ ನಡುವೆ ನಿಂತಿದೆ ಎಂದು ಶಂಕಿಸಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಭೌತಿಕ ಬ್ಯಾಕಪ್‌ಗೆ 2020ರ 13ನೇ ಆವೃತ್ತಿಯಿಂದ ಕಡತಗಳ ಪಟ್ಟಿಯೊಂದನ್ನು ಸೇರಿಸಲಾಗುತ್ತದೆ ಮತ್ತು ಪಿಜಿ-ವೆರಿಫೈಬ್ಯಾಕಪ್ ಎಂಬ ಉಪಕರಣವು ಪ್ರತಿಯನ್ನು ಆ ಪಟ್ಟಿಯೊಂದಿಗೆ ಹೋಲಿಸುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ‘ರಿಸ್ಟೋರ್ ವೆರಿಫೈಓನ್ಲಿ’ ಎಂಬ ಆದೇಶವಿದೆ. ಇವು ಪ್ರತಿ ಪೂರ್ತಿಯಾಗಿದೆ ಎಂಬುದನ್ನು ತೋರಿಸುತ್ತವೆ. ಒಳಗಿರುವ ದತ್ತಾಂಶ ಸರಿಯಿದೆ ಎಂಬುದನ್ನಲ್ಲ. ಅದಕ್ಕೆ ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ನೋಡಬೇಕು. ಪಹಣಿಯಂಥ ದತ್ತಾಂಶದಲ್ಲಿ ಹೋಲಿಸಲು ಕಷ್ಟವೇನಿಲ್ಲ: ಒಂದು ಹೋಬಳಿಯ ಸರ್ವೆ ನಂಬರುಗಳ ಸಂಖ್ಯೆ, ಒಟ್ಟು ವಿಸ್ತೀರ್ಣದ ಎಕರೆ ಗುಂಟೆಗಳ ಮೊತ್ತ, ಬ್ಯಾಕಪ್ಪಿಗೆ ಮೊದಲು ದಾಖಲಾದ ಕೊನೆಯ ಖಾತೆ ಬದಲಾವಣೆಯ ಸಂಖ್ಯೆ ಇವನ್ನು ಬ್ಯಾಕಪ್ ದಿನವೇ ಮೂಲದಿಂದ ಬರೆದಿಟ್ಟುಕೊಂಡಿದ್ದರೆ, ಮರುಸ್ಥಾಪಿಸಿದ ಪ್ರತಿಯಲ್ಲಿ ಅದೇ ಅಂಕಿಗಳು ಬರುತ್ತವೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡಬಹುದು.